ಅವಸರದಕ್ಕ ಕಾಯಲು ಕಲಿತಳು

“ಶಿಕ್ಷಕರು ತರಗತಿಯಲ್ಲಿ ಇಲ್ಲ. ಪಾಠವನ್ನು ನಾನು ಮುಂದುವರಿಸುತ್ತೇನೆ.”

ಮೇಜಿನ ಮೇಲಿದ್ದ, ಪಾಠ ಹೇಳುವ ಯಂತ್ರದ ಪೆಟ್ಟಿಗೆ ಹಾಗೆಂದಾಗ ಶಿಕ್ಷಕಿ ಅದರಿಂದ ಕೈಯಳತೆಯ ದೂರದಲ್ಲೇ ನಿಂತಿದ್ದಳು.

ಬೋರ್ಡಿನ ಮೇಲೆ ಅವಳೇ ಬರೆದ ಪ್ರಶ್ನೆ ಇತ್ತು: ‘ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು?’ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು. ಉತ್ತರ ಅವಳ ಗಂಟಲಲ್ಲಿತ್ತು. ನಾಲಿಗೆಯವರೆಗೆ ಬಂದಿರಲಿಲ್ಲ.

ಅದಕ್ಕೇ ಶಿಕ್ಷಕಿ ಕಾಯುತ್ತಿದ್ದಳು. ಹುಡುಗಿಗೆ ಮುಜುಗರವಾಗದಿರಲಿ ಎಂದು ಅವಳತ್ತ ಬೆನ್ನು ಮಾಡಿ, ಬೋರ್ಡಿನ ಖಾಲಿ ಮೂಲೆಯೊಂದನ್ನು ಡಸ್ಟರಿನಿಂದ ಒರೆಸುತ್ತಿದ್ದಳು. ಅಲ್ಲಿ ಒರೆಸಲು ಏನೂ ಇರಲಿಲ್ಲ. ವರ್ಷಗಳಿಂದ ಅವಳು ಕಾಯುತ್ತಿದ್ದುದೇ ಹಾಗೆ.

“ಸರಿಯಾದ ಉತ್ತರ: ನಮ್ಮ ಮನೆಯಲ್ಲಿ ಅಮ್ಮ ಮೊದಲು ಏಳುತ್ತಾರೆ,” ಎಂದಿತು ಪೆಟ್ಟಿಗೆ. “ಮುಂದಿನ ವಿದ್ಯಾರ್ಥಿ.”

ಹುಡುಗಿ ಕುಳಿತುಬಿಟ್ಟಳು. ಮುಖ ಕೆಂಪಗಾಗಿತ್ತು. ಶಿಕ್ಷಕಿ ಡಸ್ಟರ್ ಕೆಳಗಿಟ್ಟು, ಪೆಟ್ಟಿಗೆಯ ವೈರನ್ನು ಗೋಡೆಯಿಂದ ಕೀಳಲು ಕೈ ಹಾಕಿದಳು.

“ಅದನ್ನ ಕೀಳಬೇಡಿ.”

ಕೊನೆಯ ಸಾಲಿನಲ್ಲಿ ಯಾರೋ ಎದ್ದು ನಿಂತಿದ್ದ. ಹಾಜರಿ ಕೂಗುವಾಗ ಅವಳು ಅವನನ್ನು ಹೊಸ ವಿದ್ಯಾರ್ಥಿ ಎಂದುಕೊಂಡಿದ್ದಳು.

“ಯಾರು ನೀವು?”

“ಅದನ್ನ ಮಾಡಿದವನು.”

ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ನೋಡಿದರು.

“ಒಳ್ಳೇದಾಯ್ತು,” ಎಂದಳು ಅವಳು. “ನಾನು ಇಲ್ಲಿ ಇಲ್ಲ ಅಂತ ಹೇಳ್ತಿದೆಯಲ್ಲ, ನಾನು ಎಲ್ಲಿದ್ದೀನಿ ಅಂತಾನೂ ಕೇಳಿ ಹೇಳಿ.”

ಅವನು ಬಾಯಿ ತೆರೆದ. ಮುಚ್ಚಿದ. ಆಮೇಲೆ ಬಹಳ ತಗ್ಗಿದ ದನಿಯಲ್ಲಿ ಅಂದ: “ನೀವು ಕಾಯ್ತಾ ಇದ್ರಿ. ಅದಕ್ಕೆ ಅದು ಗೊತ್ತಾಗಲಿಲ್ಲ.”

ಜಗಳಕ್ಕೆ ಸಿದ್ಧಳಾಗಿ ನಿಂತವಳು ವೈರಿನಿಂದ ಕೈ ತೆಗೆದಳು.

*

ಅದು ವಿಶ್ವವಿದ್ಯಾಲಯದ ಭಾಷಾ ವಿಭಾಗ. ಬೇರೆ ಮಾತಿನ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಇಲ್ಲಿಯ ಮಾತು ಕಲಿಸಬೇಕು. ಕೊನೆಯಲ್ಲಿ ಮೌಖಿಕ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಮುಂದಿನ ಓದಿಲ್ಲ.

ಅವಳು ಅಲ್ಲಿ ಅತಿಥಿ ಶಿಕ್ಷಕಿ. ಆ ಅತಿಥಿ ಅನ್ನುವ ಪದವನ್ನು ಯಾರು ಕಂಡುಹಿಡಿದರೋ... ಮನೆಗೆ ಬಂದ ಅತಿಥಿಗೆ ಕೂರಲು ಕುರ್ಚಿಯನ್ನಾದರೂ ಕೊಡುತ್ತಾರೆ. ಇವಳಿಗೆ ಸ್ಟಾಫ್ ರೂಮಿನಲ್ಲಿ ಸ್ವಂತದ್ದೊಂದು ಕಪಾಟೂ ಇರಲಿಲ್ಲ. ಪ್ರತಿ ವರ್ಷ ‘ಮುಂದುವರಿಸಲಾಗಿದೆ’ ಎಂಬ ಆದೇಶಕ್ಕೆ ಕಾಯಬೇಕು. ಈ ಸಲ ಆ ಆದೇಶ ಪೆಟ್ಟಿಗೆಯ ವರದಿ ನೋಡಿಯೇ ಎಂದು ವಿಭಾಗದ ಮುಖ್ಯಸ್ಥರು ಮೊದಲೇ ಹೇಳಿಬಿಟ್ಟಿದ್ದರು.

ವರದಿಯಲ್ಲಿ ಅವಳ ಹೆಸರಿನ ಎದುರು ಕೆಂಪು ಗೆರೆ. ‘ಪಾಠ ನಡೆಯದ ಸಮಯ: ಅತಿ ಹೆಚ್ಚು.’

ಅವಳು ಕಾದದ್ದನ್ನೆಲ್ಲ ಪೆಟ್ಟಿಗೆ ಕೆಲಸಗಳ್ಳತನ ಎಂದು ಬರೆದುಕೊಂಡಿತ್ತು. ಸುಮ್ಮನಿದ್ದವರನ್ನು ದಡ್ಡರೆಂದು ಬರೆದುಕೊಳ್ಳುವ ಅಭ್ಯಾಸವನ್ನು ಆ ಯಂತ್ರ ತಾನಾಗಿ ಕಂಡುಹಿಡಿದದ್ದೇನಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಾವೇ ಅದನ್ನು ಚೆನ್ನಾಗಿ ರೂಢಿಸಿಕೊಂಡಿದ್ದೇವೆ. ಅದು ನಮ್ಮಿಂದ ಕಲಿಯಿತು, ಅಷ್ಟೇ.

ವಿದ್ಯಾರ್ಥಿಗಳು ಪೆಟ್ಟಿಗೆಗೆ ‘ಅವಸರದಕ್ಕ’ ಎಂದು ಹೆಸರಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರದಿದ್ದರೆ ಅದು ಮುಂದಿನವರಿಗೆ ಹೋಗುತ್ತಿತ್ತು. ಆ ವಾರವಷ್ಟೇ ನೆಂಟರ ಪಾಠ ಮುಗಿದಿತ್ತಾದ್ದರಿಂದ ಅದನ್ನು ಮಾಡಿದವನಿಗೂ ಹೆಸರು ಸಿಕ್ಕಿತು.

“ಭಾವ ಬಂದ್ರು ಮೇಡಂ,” ಎಂದಳು ಹಿಂದಿನ ಬೆಂಚಿನ ಹುಡುಗಿ, ಮರುದಿನ ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ.

“ಯಾವ ಭಾವ?”

“ಅಕ್ಕನ್ನ ಕರ್ಕೊಂಡು ಬಂದವರು ಭಾವ ಅಲ್ವಾ ಮೇಡಂ? ನೀವೇ ಹೇಳಿಕೊಟ್ರಿ.”

ಇಡೀ ತರಗತಿ ನಕ್ಕಿತು. ಅವನು ಕಿವಿಯವರೆಗೂ ಕೆಂಪಾದ. ಅವಳು ತುಟಿ ಕಚ್ಚಿಕೊಂಡಳು. ನಕ್ಕರೆ ಸೋತಂತೆ!

ಪಾಠ ಮುಗಿದ ಮೇಲೆ ಅವನು ಮೇಜಿನ ಹತ್ತಿರ ಬಂದ.

“ಒಂದು ಸಹಾಯ ಬೇಕಿತ್ತು.”

“ವೈರ್ ಕೀಳೋದಾ? ಖಂಡಿತ ಮಾಡ್ತೀನಿ.”

“ಅಲ್ಲ... ನಿಮ್ಮ ತರಗತೀಲಿ ಸುಮ್ಮನಿರೋ ಹೊತ್ತನ್ನೆಲ್ಲ ರೆಕಾರ್ಡ್ ಮಾಡಿದ್ದೀನಿ. ನನಗೆ ಎಲ್ಲಾ ಒಂದೇ ಥರ ಕೇಳ್ಸುತ್ತೆ. ನಿಮಗೆ ಬೇರೆ ಬೇರೆ ಕೇಳ್ಸುತ್ತೆ ಅನ್ನಿಸ್ತು. ಅದನ್ನ ಹೇಳಿಕೊಟ್ರೆ, ಇದು ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸದ ಹಾಗೆ ಮಾಡ್ತೀನಿ.”

ತನ್ನ ಮೌನವನ್ನು ಯಾರಾದರೂ ಕೂಡಿಟ್ಟುಕೊಂಡಾರು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

*

ಭಾಷಾ ಪ್ರಯೋಗಾಲಯದ ಹೆಡ್‌ಫೋನ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದವು. ಒಂದು ಇಯರ್‌ಫೋನಿನ ಎರಡು ತುದಿಗಳನ್ನು ಇಬ್ಬರೂ ಹಂಚಿಕೊಂಡರು. ತಂತಿ ಗಿಡ್ಡ. ದೂರ ಕೂರುವಂತಿರಲಿಲ್ಲ.

ಅವನು ಗುಂಡಿ ಒತ್ತಿದ. ಫ್ಯಾನಿನ ಸದ್ದು, ಬೆಂಚು ಕಿರ್ರೆಂದದ್ದು, ಯಾರದೋ ಉಸಿರು.

“ಇದು?”

“ಉತ್ತರ ಗೊತ್ತಿದೆ. ನಗ್ತಾರೆ ಅಂತ ಹೆದರಿಕೆ.”

“ಹೇಗೆ ಹೇಳ್ತೀರಿ?”

“ಉಸಿರು ಒಳಗೆಳ್ಕೊಂಡು ಹಾಗೇ ಹಿಡ್ಕೊಂಡಿದ್ದಾಳೆ, ಕೇಳಿ.”

“ಹೌದಲ್ಲ... ಇದು?”

“ಇವನಿಗೆ ಗೊತ್ತಿಲ್ಲ. ಪಕ್ಕದವನು ಹೇಳಿಕೊಡಲಿ ಅಂತ ಕಾಯ್ತಿದ್ದಾನೆ, ಕಳ್ಳ.”

ಅವನು ನಕ್ಕ. ಒಂದೊಂದಕ್ಕೂ ಗುರುತು ಹಾಕುತ್ತಾ ಹೋದ. ಪದ ಹುಡುಕುವ ಮೌನ, ಮನೆ ನೆನಪಾದ ಮೌನ, ಸಿಟ್ಟಿನ ಮೌನ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವರ ಮೇಜಿನವರೆಗೆ ಬಂದು, ಮೇಜು ದಾಟಿ ಗೋಡೆ ಹತ್ತಿತು.

“ಇಷ್ಟು ಕಾಯೋದನ್ನ ಎಲ್ಲಿ ಕಲಿತ್ರಿ?” ಎಂದು ಕೇಳಿದ ಅವನು ಒಂದು ದಿನ.

ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. “ಅಮ್ಮ ಹೋದ್ಮೇಲೆ ನನ್ನನ್ನ ಚಿಕ್ಕಮ್ಮನ ಮನೆಗೆ ಕರ್ಕೊಂಡು ಬಂದ್ರು. ನಾನು ಮಾತೇ ಆಡ್ತಿರಲಿಲ್ಲ. ಚಿಕ್ಕಮ್ಮ ದಿನಾ ಸಂಜೆ ‘ಏನು ಮಾಡಲಿ ಮರಿ ಊಟಕ್ಕೆ?’ ಅಂತ ಕೇಳೋರು. ಕೇಳಿ, ಆ ಕಡೆ ತಿರುಗಿ, ತೊಳೆದ ಪಾತ್ರೇನೇ ಮತ್ತೆ ತೊಳೀತಾ ನಿಲ್ಲೋರು. ಒಂದು ದಿನ ನನಗೇ ಪಾಪ ಅನ್ನಿಸಿ ‘ಅನ್ನ’ ಅಂದೆ.”

ಇಯರ್‌ಫೋನಿನಲ್ಲಿ ಪಾಠದ ರೆಕಾರ್ಡಿಂಗು ಯಾವಾಗಲೋ ಮುಗಿದಿತ್ತು. ಆದರೂ ಇಬ್ಬರೂ ಕೇಳುತ್ತಲೇ ಇದ್ದರು...

“ಇದು?” ಎಂದ ಅವನು ಕೊನೆಗೆ, ಮೆಲ್ಲಗೆ.

ಅವಳು ಇಯರ್‌ಫೋನ್ ತೆಗೆದು ಅವನ ಅಂಗೈಯಲ್ಲಿಟ್ಟಳು. “ಇದು ತರಗತೀದಲ್ಲ.”

ಮನೆಗೆ ನಡೆಯುವಾಗ ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಪಕ್ಕದಲ್ಲಿ ಹೋಗುತ್ತಿದ್ದವರಿಗೂ ಕೇಳಿಸೀತೇ ಎಂದು ಹೆದರಿದಳು.

*

ಅವಸರದಕ್ಕ ಬದಲಾದಳು. ಪ್ರಶ್ನೆ ಕೇಳಿದ ಮೇಲೆ ಕಾಯುತ್ತಿದ್ದಳು. ತಡವಾದರೆ, “ಪರವಾಗಿಲ್ಲ, ನಿಧಾನವಾಗಿ ಯೋಚಿಸಿ,” ಎನ್ನುತ್ತಿದ್ದಳು. ಅದು ಶಿಕ್ಷಕಿಯದೇ ಮಾತು.

“ಅವಸರದಕ್ಕ ಫೋನಲ್ಲೂ ಇದ್ದಾಳಲ್ಲ, ಮನೇಲಿ ಅವಳ ಜೊತೆ ಮಾತಾಡ್ತೀನಿ ಮೇಡಂ,” ಎಂದಳು ಹಿಂದಿನ ಬೆಂಚಿನ ಹುಡುಗಿ. “ತಪ್ಪು ಹೇಳಿದ್ರೂ ನಗಲ್ಲ. ಈಗ ಒಳ್ಳೆ ಅಕ್ಕ.”

ಶಿಕ್ಷಕಿಗೆ ಹೆಮ್ಮೆಯೆನಿಸಿತು. ಪರೀಕ್ಷೆಗೆ ಮುಂಚಿನ ವಿಭಾಗದ ಸಭೆಗೆ ಅವಳು ಖುಷಿಯಿಂದಲೇ ಹೋದಳು. ಹೊಸ ವರದಿಯಲ್ಲಿ ಅವಳ ಹೆಸರಿನ ಎದುರು ಕೆಂಪು ಗೆರೆ ಇರಲಿಲ್ಲ.

ಹೆಸರೇ ಇರಲಿಲ್ಲ.

“ಬೇಜಾರು ಮಾಡ್ಕೋಬೇಡಿ,” ಎಂದರು ಮುಖ್ಯಸ್ಥರು, ಚಹಾದ ಲೋಟ ಅವಳತ್ತ ಸರಿಸುತ್ತಾ. “ನಿಮ್ಮಲ್ಲಿ ಏನು ವಿಶೇಷ ಇತ್ತೋ ಅದನ್ನ ಇದು ಕಲಿತುಬಿಟ್ಟಿದೆ. ನಿಮ್ಮಷ್ಟೇ ತಾಳ್ಮೆ. ನಿಮಗಾದ್ರೆ ಸಂಜೆಗೆ ಸುಸ್ತಾಗುತ್ತೆ, ಇದಕ್ಕೆ ಅದೂ ಇಲ್ಲ. ಮುಂದಿನ ವರ್ಷದಿಂದ ಮಾತಿನ ಪಾಠ ಪೂರ್ತಿ ಇದಕ್ಕೇ. ಈ ಸಲದ ಮೌಖಿಕ ಪರೀಕ್ಷೇನೂ ಇದೇ ಮಾಡುತ್ತೆ.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳು ಲೋಟವನ್ನು ಆಚೆ ತಳ್ಳಿದ ರಭಸಕ್ಕೆ ಚಹಾ ಮೇಜಿನ ಮೇಲೆ ಚೆಲ್ಲಿತು.

“ಹಾಗಾದ್ರೆ ನಾನು?”

“ಪರೀಕ್ಷೆ ಮುಗಿಯೋವರೆಗೂ ಇರ್ತೀರಲ್ಲ. ಮಕ್ಕಳನ್ನ ಸಾಲಾಗಿ ಕೂರಿಸೋಕೆ ಯಾರಾದ್ರೂ ಬೇಕೇ ಬೇಕು.”

ಒಬ್ಬಳ ಒಳಗಿನದನ್ನೆಲ್ಲ ಬಗೆದು ತೆಗೆದುಕೊಂಡು, ಇನ್ನು ಸಿಪ್ಪೆ ಮಾತ್ರ ತಾನೇ ಉಳಿದಿರುವುದು ಎಂದಂತಿತ್ತು ಆ ದನಿ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವಳು ಮೇಜಿನ ಆಚೆ ಕುಳಿತಿದ್ದ, ಪೆಟ್ಟಿಗೆ ಮಾಡಿದವನತ್ತ ತಿರುಗಿದಳು.

“ಇದು ನಿಮಗೆ ಗೊತ್ತಿತ್ತಾ?”

ಅವನ ಮುಖ ಬಿಳಿಚಿಕೊಂಡಿತ್ತು. ತುಟಿ ಅಲುಗಿತು. ಮಾತು ಬರಲಿಲ್ಲ. ಅವನು ಚೆಲ್ಲಿದ ಚಹಾವನ್ನೇ ನೋಡುತ್ತಾ ಕುಳಿತ.

ಒಂದು ಇಯರ್‌ಫೋನಿನ ಎರಡು ತುದಿ... ಅಷ್ಟು ಹತ್ತಿರ ಕೂತಿದ್ದು ಇದಕ್ಕಾ? ಅಮ್ಮನ ಬಗ್ಗೆ ನಾನು ಹೇಳಿದ್ದನ್ನೂ ಯಾವುದಾದರೂ ಮೌನದ ಗುರುತಿನಡಿ ಸೇರಿಸಿದನಾ?

“ಸಾಕು,” ಎಂದು ಅವಳು ಎದ್ದು ಬಾಗಿಲತ್ತ ನಡೆದಳು. “ಗೊತ್ತಾಯ್ತು.”

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ.

*

“ಕಳ್ಳ,” ಎಂದಳು ಅವಳು, ಚಿಕ್ಕಮ್ಮನ ಅಡುಗೆಮನೆಯ ಬಾಗಿಲಿಗೆ ಒರಗಿ. “ನಗುನಗ್ತಾ ಕದ್ದ.”

ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಿಯಾದವಳು. ಮನೆಯ ಫೋನ್ ಎತ್ತುವ ಹಕ್ಕನ್ನು ಈಗಲೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

“ಕೇಳಿದ್ಯಾ ಅವನನ್ನ?”

“ಕೇಳಿದೆ. ಬಾಯಿ ಬಿಡಲಿಲ್ಲ.”

“ಎಷ್ಟು ಹೊತ್ತು ಬಿಡಲಿಲ್ಲ?”

“ಅಂದ್ರೆ?”

“ಅಂದ್ರೆ, ಎಷ್ಟು ಹೊತ್ತು ಕಾದೆ ಅಂತ.” ಚಿಕ್ಕಮ್ಮ ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಊರವರ ಮಕ್ಕಳಿಗೆಲ್ಲ ಕಾಯ್ತೀಯ. ಇವನಿಗೆ?”

ಅವಳು ತೊಳೆದ ಲೋಟವೊಂದನ್ನು ಎತ್ತಿಕೊಂಡು ಒರೆಸತೊಡಗಿದಳು.

“ಮಧ್ಯಾಹ್ನ ಫೋನ್ ಬಂದಿತ್ತು,” ಎಂದಳು ಚಿಕ್ಕಮ್ಮ. “ಹಲೋ ಅಂದೆ. ಆ ಕಡೆ ಬರೀ ಉಸಿರು. ನಾನೂ ಫೋನ್ ಇಡಲಿಲ್ಲ, ಅಭ್ಯಾಸಬಲ. ಆಮೇಲೆ ‘ಮನೇಲಿ ಇದ್ದಾರಾ?’ ಅಂದ. ‘ಇಲ್ಲಪ್ಪ, ಯಾರಂತ ಹೇಳಲಿ?’ ಅಂದೆ. ಮತ್ತೆ ಉಸಿರು. ಕಡೆಗೆ ‘ಅವಸರದಕ್ಕನ ಕಡೆಯವನು’ ಅಂದ. ನಾನು ಅವಸರದಕ್ಕ ಅಂದ್ರೆ ಯಾವುದೋ ಹೆಂಗಸು, ಇವನು ಅವಳ ನೆಂಟ ಅಂದ್ಕೊಂಡೆ, ಹಾಳಾದ್ದು.”

ಅಳುತ್ತಿದ್ದವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಅಳು ಬಂತು.

*

ಮೌಖಿಕ ಪರೀಕ್ಷೆಯ ಬೆಳಿಗ್ಗೆ ಅವಳು ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿದಳು. ಅವಳ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಬೋರ್ಡಿನ ಎದುರು, ಅವಳು ನಿಲ್ಲುತ್ತಿದ್ದ ಜಾಗದಲ್ಲೇ ಪೆಟ್ಟಿಗೆ ಇತ್ತು. ಮುಖ್ಯಸ್ಥರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅವನು ಮೂಲೆಯಲ್ಲಿ ನಿಂತಿದ್ದ. ಅವಳು ಅವನತ್ತ ನೋಡಲಿಲ್ಲ.

ಮೊದಲು ಕರೆದದ್ದು ಹಿಂದಿನ ಬೆಂಚಿನ ಹುಡುಗಿಯನ್ನು.

“ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು?” ಎಂದು ಕೇಳಿತು ಪೆಟ್ಟಿಗೆ.

ಹುಡುಗಿ ಮಾತಾಡಲಿಲ್ಲ.

ಪೆಟ್ಟಿಗೆ ಕಾಯಿತು. ಅದರ ನೀಲಿ ದೀಪ ನೇರವಾಗಿ ಅವಳ ಮುಖದ ಮೇಲಿತ್ತು. ಶಿಕ್ಷಕಿ ಅದನ್ನು ಗಮನಿಸಿದಳು. ಇದು ಕಾಯುತ್ತದೆ, ಹೌದು. ಆದರೆ ಆ ಕಡೆ ತಿರುಗುವುದಿಲ್ಲ... ದಿಟ್ಟಿಸುತ್ತಾ ಕಾಯುವುದಕ್ಕೂ ಪೊಲೀಸರ ವಿಚಾರಣೆಗೂ ಏನು ವ್ಯತ್ಯಾಸ?

“ಪರವಾಗಿಲ್ಲ, ನಿಧಾನವಾಗಿ ಯೋಚಿಸಿ.”

ಹುಡುಗಿ ಶಿಕ್ಷಕಿಯತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಉಸಿರು ಹಿಡಿದಿರಲಿಲ್ಲ. ಅವಳು ಆರಾಮಾಗಿ ಕೈಕಟ್ಟಿ ನಿಂತಿದ್ದಳು.

ಶಿಕ್ಷಕಿಗೆ ಹೊಳೆಯಿತು. ಇವಳಿಗೆ ಉತ್ತರ ಗೊತ್ತಿದೆ. ಇವಳು ಹೇಳುತ್ತಿಲ್ಲ!

“ಪರವಾಗಿಲ್ಲ, ನಿಧಾನವಾಗಿ ಯೋಚಿಸಿ.”

ಮುಖ್ಯಸ್ಥರು ಕುರ್ಚಿಯಲ್ಲಿ ಮಿಸುಕಾಡಿದರು. “ಮುಂದಿನವರನ್ನ ಕರೀರಿ.”

ಎರಡನೆಯವನು ಬಂದ. ಅವನೂ ಕೈಕಟ್ಟಿ ನಿಂತ. ಪೆಟ್ಟಿಗೆ ಕೇಳಿತು. ಕಾಯಿತು. ಮೂರನೆಯವಳೂ ಹಾಗೆಯೇ. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಕೈಕಟ್ಟಿ ನಿಂತರು. ತರಗತಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅದರ ನಡುವೆ ಆ ಸೌಜನ್ಯದ ದನಿ, ಮತ್ತೆ ಮತ್ತೆ: “ಪರವಾಗಿಲ್ಲ, ನಿಧಾನವಾಗಿ ಯೋಚಿಸಿ.”

ಕಾಯಲು ಕಲಿತಿದ್ದ ಯಂತ್ರ ಕಾಯುತ್ತಲೇ ಇತ್ತು. ಒಬ್ಬರನ್ನೂ ಫೇಲ್ ಮಾಡಲಾರದು. ಪಾಸೂ ಮಾಡಲಾರದು.

“ಏನಿದು ಹುಡುಗಾಟ?” ಮುಖ್ಯಸ್ಥರು ಎದ್ದರು. “ಎಲ್ಲರನ್ನೂ ಫೇಲ್ ಮಾಡಿಸ್ತೀನಿ. ಗೊತ್ತಾ?”

ಹಿಂದಿನ ಬೆಂಚಿನ ಹುಡುಗಿ ಬಾಯಿ ತೆರೆದಳು. ತಾನು ಕಲಿತ ಅಷ್ಟೂ ಪದಗಳನ್ನು ಒಟ್ಟು ಮಾಡಿಕೊಂಡು, ತಡೆತಡೆದು ಹೇಳಿದಳು: “ಸರ್, ಮನೇಲಿ ಅಕ್ಕ ಬೇಕು. ಕಲಿಯೋಕೆ ಅಕ್ಕ ಬೇಕು. ಪರೀಕ್ಷೆಗೆ... ನಮಗೆ ಮೇಡಂ ಬೇಕು. ಮೇಡಂ ಇಲ್ಲ ಅಂದ್ರೆ ನಾವೂ ಮಾತಾಡಲ್ಲ.”

ಈ ಮಕ್ಕಳು ತಮ್ಮ ವರ್ಷವನ್ನೇ ಪಣಕ್ಕಿಟ್ಟಿದ್ದರು. ಯಾರಿಗಾಗಿ?

“ನೀವು,” ಮುಖ್ಯಸ್ಥರು ಮೂಲೆಯಲ್ಲಿದ್ದವನತ್ತ ಬೆರಳು ಮಾಡಿದರು. “ಅದು ಕಾಯೋದನ್ನ ತೆಗೆದುಹಾಕಿ. ಮೊದಲಿದ್ದ ಹಾಗೇ ಮಾಡಿ. ಈಗಲೇ.”

ಅವನು ಮುಂದೆ ಬಂದ. ಪೆಟ್ಟಿಗೆಯ ಹತ್ತಿರ ನಿಂತ.

ಒಂದೇ ಒಂದು ಗುಂಡಿ. ಅದನ್ನೊತ್ತಿದರೆ ಅವಸರದಕ್ಕ ಮರಳಿ ಬರುತ್ತಾಳೆ, ಈ ಮಕ್ಕಳೆಲ್ಲ ಫೇಲಾಗುತ್ತಾರೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಈ ಸಲ ಅವಳು ಕಾದಳು. ಹಾಗಾಗಿಯೇ ಕೇಳಿಸಿತು. ಅವನ ಉಸಿರು ಒಳಕ್ಕೆ ಹೋಗಿ ಅಲ್ಲೇ ನಿಂತಿತ್ತು. ಅದು ತಪ್ಪಿತಸ್ಥನ ಮೌನವಾಗಿರಲಿಲ್ಲ. ಯಾವ ಪದ ಮೊದಲು ಇಡಲಿ ಎಂದು ಹುಡುಕುವವನ ಮೌನ. ಅಂದು ಸಭೆಯಲ್ಲಿ ಕೇಳಿದ್ದೂ ಇದೇ ಅಲ್ಲವೇ...

ಅಯ್ಯೋ, ನಾನು ಏನು ಮಾಡಿಬಿಟ್ಟೆ?

“ಮಾಡಲ್ಲ ಸರ್,” ಎಂದ ಅವನು.

“ಆಗಲ್ವಾ?”

“ಆಗುತ್ತೆ. ಮಾಡಲ್ಲ. ಇದಕ್ಕೆ ಕಾಯೋದನ್ನ ಕಲಿಸಿದ್ದು ಅವರು. ಕಾಯೋದು ಯಾಕೆ ಅಂತ ಇದಕ್ಕೆ ಗೊತ್ತಿಲ್ಲ. ನನಗೂ ಈಗ ಗೊತ್ತಾಗಿದ್ದು. ಪರೀಕ್ಷೆ ಮಾಡೋ ಯೋಗ್ಯತೆ ಇದಕ್ಕಿಲ್ಲ ಅಂತ ಬರೆದುಕೊಡ್ತೀನಿ. ಬೇಕಿದ್ರೆ ನನ್ನ ರಾಜೀನಾಮೇನೂ ಬರೆದುಕೊಡ್ತೀನಿ.”

ಬಾಗಿಲಲ್ಲಿ ಅಕ್ಕಪಕ್ಕದ ತರಗತಿಗಳ ಶಿಕ್ಷಕರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಅವರಲ್ಲೂ ಅರ್ಧದಷ್ಟು ಮಂದಿ ಅತಿಥಿಗಳೇ. ಮುಖ್ಯಸ್ಥರು ಅವರನ್ನು ನೋಡಿದರು, ಕೈಕಟ್ಟಿದ ಮಕ್ಕಳನ್ನು ನೋಡಿದರು, ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

“ಪರವಾಗಿಲ್ಲ, ನಿಧಾನವಾಗಿ ಯೋಚಿಸಿ,” ಎಂದಿತು ಪೆಟ್ಟಿಗೆ.

ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಕೋಣೆ ನಗೆಯಲ್ಲಿ ಮುಳುಗಿತು.

“ತಗೊಳ್ಳಿ, ನೀವೇ ಮಾಡಿ ಪರೀಕ್ಷೇನ,” ಎಂದು ಮುಖ್ಯಸ್ಥರು ಅವಳತ್ತ ನೋಡದೆ ಹೇಳಿದರು.

“ಈ ಸಲಕ್ಕೆ ಮಾತ್ರಾನಾ ಸರ್?”

ಅವಳು ಕೇಳಿ ಸುಮ್ಮನೆ ನಿಂತಳು. ಕಾಯುವುದರಲ್ಲಿ ಅವಳನ್ನು ಸೋಲಿಸಿದವರಿಲ್ಲ. ಬಾಗಿಲಲ್ಲಿದ್ದವರೂ ಕದಲಲಿಲ್ಲ.

“ಆಯ್ತಮ್ಮ,” ಎಂದರು ಅವರು ಕೊನೆಗೆ. “ಮುಂದಿನ ವರ್ಷಾನೂ ನೀವೇ. ಇವತ್ತೇ ಆದೇಶ ಮಾಡ್ಸಿ ಕಳಿಸ್ತೀನಿ.”

*

ಪರೀಕ್ಷೆ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಅವನು ಪೆಟ್ಟಿಗೆಯ ವೈರನ್ನು ತಾನೇ ಬಿಚ್ಚಿ ಸುತ್ತುತ್ತಿದ್ದ. ಬಾಗಿಲಿನಿಂದ ಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು.

“ಅವತ್ತಿನ ಪ್ರಶ್ನೇನ ಮತ್ತೆ ಕೇಳ್ಲಾ?” ಎಂದಳು ಅವಳು. “ನಿಮಗೆ ಗೊತ್ತಿತ್ತಾ?”

ಕೇಳಿ ಕಾದಳು. ಈ ಸಲ ಎಷ್ಟಾದರೂ ಹೊತ್ತಾಗಲಿ.

“ಗೊತ್ತಿರಲಿಲ್ಲ,” ಎಂದ ಅವನು. “ಆದ್ರೆ ಅಷ್ಟೇ ಹೇಳಿದ್ರೆ ನುಣುಚಿಕೊಂಡ ಹಾಗಾಗುತ್ತೆ ಅನ್ನಿಸ್ತು. ಕಲಿಸಿದವನು ನಾನೇ ತಾನೇ? ಯಾತಕ್ಕೆ ಬಳಸ್ತಾರೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಯಾವುದನ್ನ ಮೊದಲು ಹೇಳಲಿ ಅಂತ ನೋಡ್ತಿದ್ದೆ. ಅಷ್ಟರಲ್ಲಿ ನೀವು ಹೋಗಿಬಿಟ್ರಿ.”

“ನಾನೇ ಅವಸರದಕ್ಕ ಆಗಿಬಿಟ್ಟೆ ಅವತ್ತು. ತಪ್ಪಾಯ್ತು.”

“ನಿಮ್ಮ ಅಮ್ಮನ ವಿಷಯ ಹೇಳಿದ್ರಲ್ಲ, ಅದನ್ನ ನಾನು ಇದಕ್ಕೆ ಕೊಟ್ಟಿಲ್ಲ. ಅವತ್ತು ರೆಕಾರ್ಡೇ ಮಾಡಿರಲಿಲ್ಲ.”

ಅವಳು ಕಣ್ಣೊರೆಸಿಕೊಂಡಳು. ಅವನು ವೈರನ್ನು ಮೇಜಿನ ಮೇಲಿಟ್ಟ.

“ನಾನೂ ಒಂದು ಪ್ರಶ್ನೆ ಕೇಳಬಹುದಾ?”

“ಕೇಳಿ.”

“ನನ್ನ ಜೊತೆ ಬಾಳ್ತೀರಾ?”

ಹೆಚ್ಚೆಂದರೆ ಒಂದು ಚಹಾಕ್ಕೆ ಬರ್ತೀರಾ ಎಂದು ಕೇಳಬಹುದು ಅಂದುಕೊಂಡಿದ್ದಳು. ಉತ್ತರ ಎದೆಯಲ್ಲಿತ್ತು, ಗಂಟಲಲ್ಲಿತ್ತು. ನಾಲಿಗೆಯವರೆಗೆ ಬರುತ್ತಿಲ್ಲ...

ಅವನು ಅವಳ ಮುಖವನ್ನೇ ನೋಡುತ್ತಾ ನಿಲ್ಲಲಿಲ್ಲ. ಡಸ್ಟರ್ ಎತ್ತಿಕೊಂಡ. ಅವಳತ್ತ ಬೆನ್ನು ಮಾಡಿ, ಏನೂ ಬರೆದಿರದ ಬೋರ್ಡನ್ನು ನಿಧಾನವಾಗಿ ಒರೆಸತೊಡಗಿದ.

ಅವಳು ಆ ಬೆನ್ನನ್ನು ನೋಡುತ್ತಾ ನಿಂತಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ ಚಿಕ್ಕಮ್ಮನ ಬೆನ್ನು ಕಣ್ಣಿಗೆ ಬಂತು.

“ಚಿಕ್ಕಮ್ಮ ಊಟಕ್ಕೆ ಕಾಯ್ತಿರ್ತಾರೆ,” ಎಂದಳು. “ಬನ್ನಿ. ಅವಸರದಕ್ಕನ ಕಡೆಯವನು ಯಾರು ಅಂತ ಅವರಿಗೆ ತೋರಿಸ್ಬೇಕು.”

ಅವನು ತಿರುಗಲಿಲ್ಲ. ಡಸ್ಟರ್ ಹಿಡಿದ ಕೈ ಮಾತ್ರ ನಿಂತಿತು.

“ಇದು ಉತ್ತರಾನಾ?”

“ಹೌದು,” ಎಂದಳು ಅವಳು. “ಇನ್ನು ಒರೆಸಿದ್ದು ಸಾಕು.”